ಎರಡನೇ ಸಾಲಿನ ಕೊನೆಯ ಅಣ್ಣ

ಫೋನು ಬಂದಾಗ ನಾನು ಮೊದಲನೇ ಸಾಲಿನಲ್ಲಿ ಮಂಡಿಯೂರಿ ಕೂತು, ಸಮಾಧಿ ಕಲ್ಲುಗಳ ಬುಡದ ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ಬಯಲಿಗೆ ಹುಲ್ಲು ಕೊಯ್ಯುವ ಮಷೀನು ಇದೆ, ಅದನ್ನು ನನ್ನ ಗಂಡ ತಳ್ಳುತ್ತಾರೆ. ಆದರೆ ಕಲ್ಲಿನ ಹತ್ತಿರಕ್ಕೆ ಮಷೀನು ಬರಕೂಡದು ಅಂತ ನನ್ನ ಕಟ್ಟುನಿಟ್ಟು. ಒಮ್ಮೆ ಇವರು ಎಲ್ಲೋ ನೋಡುತ್ತಾ ತಳ್ಳಿ ಒಂದು ಕಲ್ಲಿನ ಅಂಚಿನಲ್ಲಿ ಚಕ್ಕೆ ಎಬ್ಬಿಸಿದ್ದರು. ಆ ವಾರವೆಲ್ಲ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ವಾರ ಕಳೆದ ಮೇಲೆ ಅದು ಅವರ ಗಮನಕ್ಕೆ ಬಂತು ಅನ್ನುವುದು ಬೇರೆ ಮಾತು.

"ಅಮ್ಮಾ, ಗುರುವಾರ ಒಬ್ಬರನ್ನ ಕರ್ಕೊಂಡು ಬರ್ತಿದೀನಿ," ಅಂದರು ಆಫೀಸಿನ ಸಾಹೇಬರು. ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಆಫೀಸು ಅದು. ಅವರ ಕೈಕೆಳಗಿನ ಜಾಗಗಳಲ್ಲಿ ನಮ್ಮದು ತೀರ ಚಿಕ್ಕದು, ಹೊಲಗಳ ನಡುವೆ ಮೂರೇ ಸಾಲು. "ಎರಡನೇ ಸಾಲಿನ ಕೊನೆಯವರ ತಂಗಿ. ವಯಸ್ಸಾಗಿದೆ ಪಾಪ. ಅಣ್ಣನ್ನ ತಮ್ಮೂರಿಗೆ ತಗೊಂಡ್ಹೋಗಿ ಅಪ್ಪ-ಅಮ್ಮನ ಪಕ್ಕದಲ್ಲಿ ಇಡ್ಬೇಕು ಅಂತಿದಾರೆ. ಈಗ ಅದಕ್ಕೆಲ್ಲ ಅನುಮತಿ ಇದೆ. ಬಂದು ನೋಡಿ ಸಹಿ ಹಾಕ್ತಾರೆ, ಅಷ್ಟೆ. ಆಮೇಲೆ ನಮ್ಮ ಜನ ಬಂದು ತೆಗೀತಾರೆ."

"ಯಾವ ಸಾಲು ಅಂದ್ರಿ?"

"ಎರಡನೇದು. ಕೊನೆಯದು."

"ಸರಿಯಾಗಿ ನೋಡಿ ಹೇಳಿ."

"ನೋಡೇ ಹೇಳ್ತಿರೋದಮ್ಮಾ."

ನಾನು ಫೋನನ್ನು ಹುಲ್ಲಿನ ಮೇಲೆ ಇಟ್ಟುಬಿಟ್ಟೆ. ಸಾಹೇಬರು ಅಲ್ಲಿಂದಲೇ ಹಲೋ ಹಲೋ ಅನ್ನುತ್ತಿದ್ದರು. ಅನ್ನಲಿ ಬಿಡಿ. ನನಗೆ ಒಡಹುಟ್ಟಿದವರು ಯಾರೂ ಇಲ್ಲ. ಅಣ್ಣ ಅಂತ ಇದ್ದವನು ಅವನೊಬ್ಬನೇ, ಎರಡನೇ ಸಾಲಿನ ಕೊನೆಯವನು. ಅವನನ್ನೂ ಅಗೆದು ಒಯ್ಯುತ್ತಾರಂತೆ!

ಅವನು ಅಣ್ಣ ಹೇಗಾದ ಅಂತ ಹೇಳುತ್ತೇನೆ. ಈ ಕೆಲಸ ನನಗಿಂತ ಮೊದಲು ನನ್ನ ಅಪ್ಪನದು. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲೇ ನಾನು ಹುಟ್ಟಿದ್ದು. ನಮ್ಮ ಕಲ್ಲುಗಳು ಗಿಡ್ಡ, ದೊಡ್ಡವರ ಮಂಡಿಯಷ್ಟು ಎತ್ತರ. ತೆವಳುವ ಮಗು ಎದ್ದು ನಿಂತರೆ ಹಿಡಿದುಕೊಳ್ಳಲು ಸರಿಯಾಗಿ ಸಿಗುತ್ತವೆ. ಒಂದು ಕಲ್ಲಿಗೂ ಮುಂದಿನದಕ್ಕೂ ನಡುವೆ, ಮಗು ಕೈ ಚಾಚಿದರೆ ಇನ್ನೇನು ಸಿಕ್ಕಿತು ಅನ್ನುವಷ್ಟು ಜಾಗ. ಅಪ್ಪ ಹುಲ್ಲು ಕೊಯ್ಯುವಾಗ ನನ್ನನ್ನು ಎರಡನೇ ಸಾಲಿನ ಶುರುವಿನಲ್ಲಿ ಬಿಡುತ್ತಿದ್ದ. ನಾನು ಒಬ್ಬೊಬ್ಬರನ್ನೇ ಹಿಡಿದುಕೊಂಡು ಕೊನೆಯವರೆಗೆ ಹೋಗಿ, ಕೊನೆಯ ಕಲ್ಲಿನ ಬಲಮೂಲೆಯನ್ನು ಭದ್ರವಾಗಿ ಹಿಡಿದು ನಿಲ್ಲುತ್ತಿದ್ದೆನಂತೆ. ಅದರಾಚೆ ಬರೀ ಹುಲ್ಲು, ಹಿಡಿಯಲು ಏನೂ ಇಲ್ಲ. ಒಂದು ದಿನ ಆ ಮೂಲೆಯಿಂದ ಕೈ ತೆಗೆದು ನಡೆದೇಬಿಟ್ಟೆ.

"ನಿಂಗೆ ನಡೆಯೋದು ಕಲಿಸಿದ್ದು ನಾನಲ್ಲ ಕಣೇ, ಆ ಹುಡುಗ," ಅನ್ನುತ್ತಿದ್ದ ಅಪ್ಪ. ಹುಡುಗನೇ ಸರಿ, ಕಲ್ಲಿನ ಮೇಲೆ ವಯಸ್ಸು ಇಪ್ಪತ್ತು ಅಂತ ಕೆತ್ತಿದ್ದಾರೆ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಮುಗಿದ ಯುದ್ಧ ಅದು. ಆದರೂ ಅಣ್ಣ ಅಂದರೆ ಅಣ್ಣ. ಶಾಲೆಯಲ್ಲಿ ಹುಡುಗರು ಜಡೆ ಎಳೆದರೆ "ನಮ್ಮಣ್ಣ ಮಿಲಿಟರಿಯಲ್ಲಿದಾನೆ, ಹೇಳ್ತೀನಿ ಇರು" ಅಂತ ಹೆದರಿಸುತ್ತಿದ್ದೆ. ಮದುವೆಗೆ ಮುಂಚೆ ಇವರನ್ನು ಕರೆತಂದು ಅವನ ಮುಂದೆ ನಿಲ್ಲಿಸಿದ್ದೆ. "ಏನಂದ್ರು ನಿಮ್ಮಣ್ಣ?" ಅಂತ ಇವರು ಕೇಳಿದರು. "ಯೋಚನೆ ಮಾಡಿ ಹೇಳ್ತಾನಂತೆ" ಅಂದೆ. ಇನ್ನೂ ಯೋಚನೆ ಮಾಡುತ್ತಿದ್ದಾನೆ.

ನನ್ನ ಸುದ್ದಿ ಕೇಳಿ ಊರಿನ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರು. ಮಗು ನಡೆಯಲು ತಡ ಮಾಡಿದರೆ "ಸಾಲಿಗೆ ಬಿಟ್ಟು ನೋಡು" ಅನ್ನುವುದು ಇಲ್ಲಿ ಮಾಮೂಲಿ ಮಾತು. ಊರಲ್ಲಿ ಲಾರಿ ಓಡಿಸುವವರು, ಶಾಲೆಯ ಟೀಚರಮ್ಮ, ಬೇಕರಿಯವನು, ಎಲ್ಲರೂ ಆ ಸಾಲಿನಿಂದ ಎದ್ದು ಹೋದವರೇ. ಅಂಚೆಯವನು ಇವತ್ತಿಗೂ ಸೈಕಲ್ಲಿನ ಮೇಲಿಂದಲೇ ಅಣ್ಣನಿಗೊಂದು ಸಲಾಮು ಹೊಡೆದು ಹೋಗುತ್ತಾನೆ. ಇಷ್ಟೂ ಜನ ಧೈರ್ಯ ಸಾಲದೆ ನಿಂತು ಹಿಡಿದದ್ದು ಅದೇ ಬಲಮೂಲೆಯನ್ನು. ಉಳಿದ ಕಲ್ಲುಗಳೆಲ್ಲ ಒರಟು ಒರಟಾಗಿವೆ. ಅಣ್ಣನ ಬಲಮೂಲೆ ಮಾತ್ರ ಸವೆದು, ಎಣ್ಣೆ ಹಚ್ಚಿದ ಹಾಗೆ ಫಳಫಳ ಅನ್ನುತ್ತದೆ.

ಈಗ ಸರದಿ ನನ್ನ ಮೊಮ್ಮಗಳು ಬುಗುರಿಯದು. ಹೆಸರಿಗೆ ಬುಗುರಿ, ತಿರುಗುವುದು ಮಾತ್ರ ಇಲ್ಲ. ಅವಳ ಓರಗೆಯ ಮಕ್ಕಳು ಓಡಾಡಿ ಕೋಳಿ ಅಟ್ಟುತ್ತಿದ್ದರೆ ಇವಳು ದಿನವೂ ಸಾಲು ಹಿಡಿದು ಬರುವಳು, ಅಣ್ಣನ ಮೂಲೆ ಹಿಡಿದು ನಿಲ್ಲುವಳು, ನಾವೆಲ್ಲ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿ "ಬಾ ಬಾ ಬಾ" ಅಂದರೆ ಮೂತಿ ತಿರುವಿ ಕುಂಡೆಯೂರಿ ಕೂತುಬಿಡುವಳು. ಹಟ ಅಂದರೆ ಹಟ. ಯಾರನ್ನು ಹೋಲುತ್ತಾಳೆ ಅಂತ ನನ್ನ ಗಂಡ ಆಗಾಗ ನನ್ನ ಮುಖ ನೋಡುತ್ತಾ ಕೇಳುತ್ತಾರೆ. ಡಾಕ್ಟರು ಕಾಲಿಗೆ ಏನೂ ಆಗಿಲ್ಲ ಅಂದಿದ್ದಾರೆ. ಆದರೂ ನನ್ನ ಮಗಳಿಗೆ ಚಿಂತೆ.

ಫೋನು ಬಂದ ದಿನ ನಾನು ಅನ್ನದ ತಟ್ಟೆ ಮುಂದೆ ಕೂತು ಅತ್ತೆ. ಅತ್ತಾದ ಮೇಲೆ ಉಪಾಯ ಹುಡುಕಿದೆ.

"ನೋಡ್ರೀ, ನಾವು ಅವನನ್ನ ಎಷ್ಟು ಚೆನ್ನಾಗಿ ಇಟ್ಕೊಂಡಿದೀವಿ ಅಂತ ಆಯಮ್ಮ ನೋಡ್ಬೇಕು. ನೋಡಿ ಮನಸ್ಸು ಬದಲಾಯಿಸ್ಬೇಕು. ಆ ಸವೆದ ಮೂಲೆ ಕಂಡ್ರೆ ಮುಗೀತು. ನಮ್ಮಣ್ಣನ ಸಮಾಧಿ ಮೇಲೆ ಊರ ಮಕ್ಕಳೆಲ್ಲ ಜೊಲ್ಲು ಸುರಿಸಿದಾರೆ ಅಂತ ಅವತ್ತೇ ಸಹಿ ಹಾಕ್ತಾಳೆ."

"ಅದಕ್ಕೆ?"

"ಮೂಲೆಗೆ ಪಾಚಿ ಬೆಳೆಸ್ತೀನಿ."

ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. ಬದುಕಿಡೀ ಕಲ್ಲುಗಳ ಪಾಚಿ ಉಜ್ಜಿ ಉಜ್ಜಿ ಬೆರಳು ಒರಟಾದವಳು ನಾನು. ಆದರೆ ತೋಟದ ಕೆಲಸದವರಿಗೆ ಗೊತ್ತಿರುವ ಉಪಾಯ ಒಂದಿದೆ: ಹುಳಿ ಮೊಸರಿಗೆ ಪಾಚಿ ಕಲಸಿ ಹಚ್ಚಿದರೆ ಕಲ್ಲಿಗೆ ಹಸಿರು ಬರುತ್ತದೆ. ಹಿಂದಿನ ಗೋಡೆಯ ಪಾಚಿ ಕೆರೆದು ತಂದೆ, ಮೊಸರಲ್ಲಿ ಕಲಸಿದೆ, ಅಣ್ಣನ ಮೂಲೆಗೆ ದಪ್ಪಗೆ ಬಳಿದೆ. "ತಪ್ಪು ತಿಳ್ಕೋಬೇಡ, ನಿನ್ನ ಒಳ್ಳೇದಕ್ಕೇ" ಅಂತ ಅವನಿಗೂ ಹೇಳಿದೆ.

ಪಾಚಿ ಬರಲು ವಾರಗಟ್ಟಲೆ ಬೇಕು ಅನ್ನುವುದು ಆ ಗಾಬರಿಯಲ್ಲಿ ತಲೆಗೆ ಹೋಗಲೇ ಇಲ್ಲ. ಬಂದದ್ದು ಇರುವೆ, ಸಾಲುಗಟ್ಟಿ. ಆಮೇಲೆ ಪಕ್ಕದ ಹೊಲದ ನಾಯಿ. ಮೊಸರನ್ನು ನೆಕ್ಕಿ ನೆಕ್ಕಿ ಕಲ್ಲಿಗೆ ಪಾಲಿಷ್ ಹಾಕಿ ಹೋಯಿತು. ಗುರುವಾರ ಬೆಳಿಗ್ಗೆ ಹುಳಿ ವಾಸನೆ ತಡೆಯಲಾರದೆ ಬಿಸಿನೀರು ಹಾಕಿ ಉಜ್ಜಿದೆ. ಮೂಲೆ ಹಿಂದೆಂದೂ ಇಲ್ಲದಷ್ಟು ಹೊಳೆಯಿತು. ಇವರು ನೋಡಿ, "ಈಗ ಗೇಟಿಂದಲೇ ಕಾಣುತ್ತೆ ಬಿಡು," ಅಂದರು. ಕೈಯಲ್ಲಿದ್ದ ಬ್ರಷ್ಷನ್ನು ಅವರ ಮೇಲೆ ಎಸೆದೆ.

ಮಗಳಿಗೆ ಖಡಾಖಂಡಿತವಾಗಿ ಹೇಳಿದೆ: "ಅವರು ಹೋಗೋವರೆಗೂ ಬುಗುರಿ ಹೊಸಿಲು ದಾಟಕೂಡದು."

ಕಾರು ಬಂತು. ಇಸ್ತ್ರಿ ಹಾಕಿದ ಪ್ಯಾಂಟಿನ ಸಾಹೇಬರು ಇಳಿದು ಹಿಂದಿನ ಬಾಗಿಲು ತೆಗೆದರು. ಮೊದಲು ಹೊರಗೆ ಬಂದದ್ದು ನಾಲ್ಕು ಕಾಲಿನ ವಾಕರ್, ಅದರ ಹಿಂದೆ ಒಬ್ಬ ಮುದುಕಮ್ಮ. ಒಣಕಲು ದೇಹ, ಚೂಪು ಕಣ್ಣು. ವಾಕರಿನ ಕಾಲುಗಳು ದಾರಿಯ ಜಲ್ಲಿಯಲ್ಲಿ ಹೂತುಕೊಂಡವು.

"ಈ ಜಲ್ಲಿ ಯಾರು ಹಾಕಿಸಿದ್ದು?"

"ನಾನೇ," ಅಂದೆ.

"ಯಾಕೆ, ವಯಸ್ಸಾದವರು ಬರಬಾರದು ಅಂತಾನಾ?"

ದ್ವೇಷ ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ ನಾನು. ಆದರೂ, ಸುಳ್ಳು ಯಾಕೆ ಹೇಳಲಿ, ಆ ಬಾಯಿ ನನಗೆ ಸ್ವಲ್ಪ ಹಿಡಿಸಿತು. ಸಾಹೇಬರು ತೋಳು ಹಿಡಿಯಲು ಹೋದರೆ ಕೊಡವಿಕೊಂಡರು. ವಾಕರನ್ನು ಎತ್ತಿ ಎತ್ತಿ ಇಡುತ್ತಾ ಎರಡನೇ ಸಾಲಿನ ಕೊನೆಯವರೆಗೆ ಬಂದರು. ಅಲ್ಲಿ ನಾನು ಕುರ್ಚಿ ಹಾಕಿಟ್ಟಿದ್ದೆ. ಕೂತರು. ಬಗ್ಗಿ ಹೆಸರಿನ ಮೇಲೆ ಬೆರಳಾಡಿಸಿದರು.

"ಅಮ್ಮ ಇರೋವರೆಗೂ ಇಲ್ಲಿಗೆ ಬರೋ ಮಾತೇ ಎತ್ತೋ ಹಾಗಿರ್ಲಿಲ್ಲ," ಅಂದರು ಕೊನೆಗೆ. "ಆಮೇಲೆ ಗಂಡ, ಮಕ್ಕಳು, ಅದೂ ಇದೂ. ಈಗ ಸೊಂಟದ ಮೂಳೆ ಮುರ್ಕೊಂಡು ಈ ಕಬ್ಬಿಣ ಹಿಡ್ಕೊಂಡಿದೀನಿ. ಮತ್ತೆ ಇಷ್ಟು ದೂರ ಬರೋಕಾಗಲ್ಲ. ಇವನು ಇಲ್ಲಿ ಒಬ್ಬನೇ ಇರ್ತಾನಲ್ಲ ಅಂತ." ಕಣ್ಣೊರೆಸಿಕೊಂಡು ಸುತ್ತ ನೋಡಿದರು. "ಚೆನ್ನಾಗಿ ಇಟ್ಕೊಂಡಿದೀರಿ. ಅದ್ಸರಿ, ಇದೇನು, ಈ ಮೂಲೆ ಮಾತ್ರ ಇಷ್ಟು ನುಣ್ಣಗಿದೆ?"

"ಮಳೆ," ಅಂದೆ.

"ಮಳೆ ಈ ಮೂಲೆಗೆ ಮಾತ್ರ ಬರುತ್ತಾ?"

"ಗಾಳಿನೂ ಇದೆ."

ನನ್ನ ಗಂಡ ಕೆಮ್ಮಿದರು. ಅದು ಕೆಮ್ಮಲ್ಲ, ನಗು, ನನಗೆ ಗೊತ್ತು. ಕಣ್ಣು ಕೆಕ್ಕರಿಸಿ ಅವರ ಕಡೆ ತಿರುಗಿದರೆ, ಅವರ ಹಿಂದೆ ಹುಲ್ಲಿನ ಮೇಲೆ ಬುಗುರಿ ತೆವಳಿಕೊಂಡು ಬರುತ್ತಿದ್ದಳು, ರೈಲು ತಪ್ಪಿಹೋಗುತ್ತದೆ ಅನ್ನುವ ಅವಸರದಲ್ಲಿ. ಮಗಳು ಸೆರಗು ಸಿಕ್ಕಿಸಿಕೊಂಡು ಓಡಿ ಬರುವಷ್ಟರಲ್ಲಿ ಅವಳು ಸಾಲಿನ ಮೊದಲ ಕಲ್ಲು ಹಿಡಿದು ಎದ್ದು ನಿಂತಾಗಿತ್ತು.

"ಮಗುನ ಎತ್ಕೊಳ್ಳಿ, ಎತ್ಕೊಳ್ಳಿ," ಅಂದರು ಸಾಹೇಬರು ಗಾಬರಿಯಾಗಿ.

"ಯಾರೂ ಮುಟ್ಟಬೇಡಿ," ಅಂದರು ಮುದುಕಮ್ಮ.

ಬುಗುರಿ ಒಬ್ಬ ಸೈನಿಕನಿಂದ ಇನ್ನೊಬ್ಬನ ಕಡೆಗೆ ಕೈ ಚಾಚುತ್ತಾ, ಜೊಲ್ಲು ಸುರಿಸುತ್ತಾ, ಸಾಲು ಮುಗಿಸಿ ಬಂದಳು. ಬಂದವಳೇ ಅಣ್ಣನ ಬಲಮೂಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುದುಕಮ್ಮನ ಮುಖವನ್ನೇ ನೋಡುತ್ತಾ ನಿಂತಳು. ಅಲ್ಲಿಗೆ ನನ್ನ ಮಳೆ ಗಾಳಿಯೆಲ್ಲ ಮುಗಿಯಿತು.

ನನಗೆ ತಪ್ಪು ಸಿಕ್ಕಿಬಿದ್ದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. "ಹೌದು, ಮಳೆ ಅಲ್ಲ!" ಅಂದೆ. "ಮಕ್ಕಳು! ಈ ಊರಿನ ಅಷ್ಟೂ ಮಕ್ಕಳು! ನಾನೂ ಸೇರಿ! ಇವನನ್ನ ಹಿಡ್ಕೊಂಡೇ ನಾವೆಲ್ಲ ನಡೆಯೋದು ಕಲ್ತಿದ್ದು. ಇವನು ಒಬ್ಬನೇ ಇದ್ದ ಅಂತ ಯಾರು ಹೇಳಿದ್ದು ನಿಮಗೆ? ಒಂದು ದಿನಾನೂ ಪುರುಸೊತ್ತಾಗಿಲ್ಲ ಇವನಿಗೆ. ತಗೊಂಡ್ಹೋಗೋದಾದ್ರೆ ತಗೊಂಡ್ಹೋಗಿ, ನಿಮ್ಮ ಸ್ವಂತ ಅಣ್ಣ, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಈ ಮಗು ನಡೆಯೋವರೆಗಾದ್ರೂ ತಡ್ಕೊಳ್ಳಿ." ಆಮೇಲೆ ಅಳುವೂ ಬಂತು.

ಮುದುಕಮ್ಮ ನನ್ನನ್ನು ನೋಡುತ್ತಲೇ ಇದ್ದರು. "ಏನಂತ ಕರೀತೀಯ ಅವನನ್ನ?"

"ಅಣ್ಣ ಅಂತ."

"ನಾನೂ ಅಷ್ಟೆ," ಅಂದರು. "ಹೆಸರು ಹಿಡಿದು ಒಂದು ದಿನಾನೂ ಕರೆದೋಳಲ್ಲ." ಕಣ್ಣು ತುಂಬಿದ್ದರೂ ತುಟಿ ನಗುತ್ತಿತ್ತು. "ನಂಗೂ ನಡೆಯೋದು ಕಲಿಸಿದ್ದು ಇವನೇ ಕಣೇ. ಅಮ್ಮ ಹೇಳಿ ಹೇಳಿ ನಗ್ತಿದ್ಲು. ಹೌದು, ನೀವು ಈ ಮಗುನ ನಡೆಯೋಕೆ ಹೇಗೆ ಕರೀತೀರಿ, ತೋರ್ಸಿ."

ನಾವು ಮೂವರೂ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, "ಬಾ ಬಾ ಬಾ ಬಂಗಾರಿ" ಅಂದೆವು. ಬುಗುರಿ ಮೂತಿ ತಿರುವಿದಳು.

"ತಪ್ಪು! ಪೂರಾ ತಪ್ಪು!" ಮುದುಕಮ್ಮ ವಾಕರನ್ನು ನೆಲಕ್ಕೆ ಕುಟ್ಟಿದರು. "ಇದು ನನ್ನ ಜಾತಿ ಮಗು. ಗೋಗರೆದ್ರೆ ಬರಲ್ಲ. ನಾನೂ ಬರ್ತಿರ್ಲಿಲ್ವಂತೆ. ನಮ್ಮಣ್ಣ ಏನ್ಮಾಡ್ತಿದ್ದ ಗೊತ್ತಾ? ನನಗೆ ಬೆನ್ನು ಹಾಕ್ಕೊಂಡು ಕೂತು, ನಾನು ಇದೀನೋ ಇಲ್ವೋ ಅನ್ನೋ ಪರಿವೆನೇ ಇಲ್ದಿರೋ ಹಾಗೆ ಏನೋ ಗುನುಗ್ತಾ ಇರ್ತಿದ್ನಂತೆ. ನಂಗೆ ಮೈಯೆಲ್ಲ ಉರಿದು, ಅವನ ಬೆನ್ನಿಗೆ ಗುದ್ದೋಕೆ ಅಂತ ಎದ್ದು ನಡೆದೆನಂತೆ. ಎಲ್ಲರೂ ತಿರುಗಿ ಕೂತ್ಕೊಳ್ಳಿ. ಸಾಹೇಬ್ರೇ, ನಿಮಗೂ ಹೇಳಿದ್ದು."

"ನಾನಾ?"

"ಪ್ಯಾಂಟು ಒಗೆದ್ರೆ ಹೋಗುತ್ತೆ. ಕೂತ್ಕೊಳ್ಳಿ."

ಸಾಹೇಬರು ಕೂತರು. ಮಗಳು, ನನ್ನ ಗಂಡ, ನಾನು, ಎಲ್ಲರೂ ಬುಗುರಿಗೆ ಬೆನ್ನು ಹಾಕಿ ಸಾಲಾಗಿ ಕೂತೆವು. ಮುದುಕಮ್ಮ ಕುರ್ಚಿಯನ್ನೇ ತಿರುಗಿಸಿಕೊಂಡರು. "ಗುನುಗಿ," ಅಂತ ಅಪ್ಪಣೆಯಾಯಿತು. ಒಬ್ಬೊಬ್ಬರದು ಒಂದೊಂದು ರಾಗ. ಸಾಹೇಬರು ಪಾಪ ಬೇರೇನೂ ನೆನಪಾಗದೆ ಪರೇಡಿನ ಬ್ಯಾಂಡು ಗುನುಗಿದರು.

ಹಿಂದಿನಿಂದ "ಆ!" ಅಂತ ಒಂದು ಸದ್ದು. ನಾವು ಗುನುಗಿದೆವು. "ಆಆಆ!" ಅಂತ ಇನ್ನೊಂದು, ಈ ಸಲ ಸಿಟ್ಟಿನದು.

"ಬಂತಾ?" ಅಂದರು ನನ್ನ ಗಂಡ ಪಿಸುದನಿಯಲ್ಲಿ.

"ಸುಮ್ನಿರ್ರೀ."

ಆಮೇಲೆ ಸದ್ದಿಲ್ಲ. ತಿರುಗಿ ನೋಡಬೇಕು ಅಂತ ಕತ್ತು ತುಡಿಯುತ್ತಿತ್ತು. ಅಷ್ಟರಲ್ಲಿ ಬೆನ್ನಿಗೆ ಧಪ್ ಅಂತ ಬಿತ್ತು ನೋಡಿ, ಎರಡು ಪುಟ್ಟ ಮುಷ್ಟಿ, ಅದರ ಹಿಂದೆಯೇ ಒದ್ದೆ ಮೂತಿ. ತಿರುಗಿದರೆ ಬುಗುರಿ! ಅಣ್ಣನಿಗೂ ನನಗೂ ನಡುವೆ ಅಷ್ಟಗಲ ಬರೀ ಹುಲ್ಲು!

ಯಾರು ಕೂಗಿದರು, ಯಾರು ಅತ್ತರು, ಒಂದೂ ಗೊತ್ತಾಗಲಿಲ್ಲ. ಮಗಳು ಮಗುವನ್ನು ಎತ್ತಿ ಗಿರಗಿರ ತಿರುಗಿಸಿದಳು. ಸಾಹೇಬರು ನನ್ನ ಗಂಡನನ್ನು ಅಪ್ಪಿಕೊಂಡು, ಆಮೇಲೆ ತಾವು ಸಾಹೇಬರು ಅನ್ನುವುದು ನೆನಪಾಗಿ ಬಿಟ್ಟರು.

"ನಡೆದದ್ದು ಯಾರು ನೋಡಿದ್ರಿ?" ಅಂತ ಮಗಳು ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ನೋಡಿರಲಿಲ್ಲ. ಮುದುಕಮ್ಮನೂ ಪ್ರಾಮಾಣಿಕವಾಗಿ ಬೆನ್ನು ಹಾಕಿಯೇ ಕೂತಿದ್ದರು.

"ಅಣ್ಣ ನೋಡಿದ," ಅಂದರು. "ಸಾಕಲ್ಲ."

ಸಾಹೇಬರು ಹುಲ್ಲಿನ ಕಲೆಯಾದ ಪ್ಯಾಂಟನ್ನು ಕೊಡವಿಕೊಂಡು ಚೀಲದಿಂದ ಸಹಿಯ ಕಾಗದ ತೆಗೆದರು. ನನ್ನ ನಗು ಅಲ್ಲೇ ಆರಿತು. "ನಾಳೆ," ಅಂದರು ಮುದುಕಮ್ಮ. "ಇವತ್ತು ಈ ತಂಗಿ ಮನೇಲಿ ಇರ್ತೀನಿ. ಇಬ್ಬರಿಗೂ ಅಣ್ಣ ಒಬ್ಬನೇ ಅಂದ್ಮೇಲೆ ನೀನು ನಂಗೆ ತಂಗಿ ತಾನೆ? ಅಕ್ಕ ಅನ್ನು."

ಆ ಸಂಜೆ ನಮ್ಮ ಎರಡು ಕೋಣೆಯಲ್ಲಿ ಜಾಗ ಸಾಲದಷ್ಟು ಮಾತು. ಅಕ್ಕನಿಗೆ ನನ್ನ ಚಹಾ ನೀರು ನೀರು, ನನಗೆ ಅಕ್ಕ ಹೇಳುವ ಚಹಾ ಪಾಯಸ. ಅಣ್ಣನಿಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲವಂತೆ, ಬಾತುಕೋಳಿ ಕಂಡರೆ ಓಡುತ್ತಿದ್ದನಂತೆ, ಅಡುಗೆಮನೆಯಲ್ಲಿ ಸಕ್ಕರೆ ಕದ್ದು ತಂಗಿಯ ಬಾಯಿಗೆ ಸವರಿ ತಪ್ಪು ಅವಳ ಮೇಲೆ ಹಾಕುತ್ತಿದ್ದನಂತೆ. ಇಷ್ಟು ವರ್ಷ ಜೊತೆಗಿದ್ದೂ ನನಗೆ ಒಂದೂ ಗೊತ್ತಿರಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮುರಿದ ಮೂಳೆ ಕೂಡಿಕೊಂಡಿದೆ, ವಾಕರ್ ಬಿಟ್ಟು ನಡೆಯಿರಿ ಅಂತ ಡಾಕ್ಟರು ಹೇಳುತ್ತಲೇ ಇದ್ದಾರೆ ಅಂತಲೂ ಅಕ್ಕ ಹೇಳಿದರು. "ಕಾಲಿಗೇನೂ ಆಗಿಲ್ಲ. ಭಯ ಅಷ್ಟೆ," ಅಂದರು ಬುಗುರಿಯ ಕಾಲು ಸವರುತ್ತಾ. ಸಹಿ ಹಾಕುತ್ತೀರಾ ಅನ್ನುವ ಮಾತು ಎಷ್ಟೋ ಸಲ ನನ್ನ ನಾಲಿಗೆಯ ತುದಿಗೆ ಬಂತು. ಕೇಳಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ನೋಡಿದರೆ ಅಕ್ಕ ಹಾಸಿಗೆಯಲ್ಲಿಲ್ಲ. ಎರಡನೇ ಸಾಲಿನ ಕೊನೆಯಲ್ಲಿ, ಅಣ್ಣನ ಪಕ್ಕ, ವಾಕರ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೈ ಬೀಸಿದರು.

"ಬಾ ಇಲ್ಲಿ. ನಿನ್ನೆ ಕೂತಿದ್ದ ಜಾಗದಲ್ಲೇ ಕೂತ್ಕೋ. ತಿರುಗಿ."

"ಅಕ್ಕಾ, ಬಿದ್ದುಗಿದ್ದು ಬಿಟ್ರೆ?"

"ಬಿದ್ರೆ ಹುಲ್ಲಿದೆ, ನೀನೇ ಬೆಳೆಸಿರೋದಲ್ವಾ? ಕೂತ್ಕೋ."

ನಾನು ಅವರಿಗೆ ಬೆನ್ನು ಹಾಕಿ ಕೂತೆ. ಹುಲ್ಲು ಇಬ್ಬನಿಯಿಂದ ಒದ್ದೆಯಾಗಿತ್ತು. ಗುನುಗತೊಡಗಿದೆ.

"ಶ್ರುತಿ ಅನ್ನೋದೇ ಇಲ್ಲ ನಿಂಗೆ," ಅಂತ ಹಿಂದಿನಿಂದ ಕೇಳಿಸಿತು. ಆಮೇಲೆ ವಾಕರಿನ ಕಬ್ಬಿಣ ಕಲ್ಲಿಗೆ ಒರಗಿದ ಸದ್ದು. ಆಮೇಲೆ ಏನೂ ಇಲ್ಲ. ನನಗೆ ಮೈಯೆಲ್ಲ ಕಿವಿ. ತಿರುಗಿದರೆ ಕೆಟ್ಟಿತು ಅಂತ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ನಾನೇ ಬೆಳೆಸಿದ ಹುಲ್ಲು, ಬುಡಸಮೇತ ಕಿತ್ತು ಬಂತು. ಗುನುಗುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬೆನ್ನ ಮೇಲೆ ಧಪ್ ಅಂತ ಒಂದು ಕೈ ಬಿತ್ತು. ಈ ಸಲ ದೊಡ್ಡ ಕೈ. ಬಿದ್ದದ್ದು ಅಲ್ಲೇ ನಿಂತಿತು.

"ಸಾಹೇಬರಿಗೆ ಫೋನ್ ಮಾಡು," ಅಂದರು ಅಕ್ಕ ಏದುಸಿರಿನಲ್ಲಿ. "ಕಾಗದ ತರೋದು ಬೇಡ ಅನ್ನು."

"ಯಾಕಕ್ಕಾ?"

"ಯಾಕೆ ಅಂದ್ರೆ? ಅವನಿಗೆ ಇಲ್ಲಿ ಕೈತುಂಬಾ ಕೆಲಸ ಇದೆ ಕಣೇ. ಅದನ್ನ ಬಿಡಿಸಿ, ಅಲ್ಲಿ ಅಪ್ಪ-ಅಮ್ಮನ ಮಧ್ಯ ಸುಮ್ನೆ ಮಲಗಿಸ್ಲಾ? ನೋಡ್ಬೇಕು ಅನಿಸಿದ್ರೆ ನಾನೇ ಬರ್ತೀನಿ. ನಡ್ಕೊಂಡೇ ಬರ್ತೀನಿ."

ನಾನು ಕೂತಲ್ಲೇ ಜೋರಾಗಿ ಅತ್ತುಬಿಟ್ಟೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇವರಿಗೆ ಹೇಳಬೇಡಿ. ತಿರುಗಿ ನೋಡಿದರೆ, ವಾಕರ್ ಅಲ್ಲಿ ಅಣ್ಣನ ಮೂಲೆಗೆ ಒರಗಿ ನಿಂತಿತ್ತು. ನಡುವೆ ಒದ್ದೆ ಹುಲ್ಲಿನಲ್ಲಿ ಅಕ್ಕನ ಹೆಜ್ಜೆಯ ಗುರುತು.

"ಅಳೋದು ಆಮೇಲೆ," ಅಂದರು ಅಕ್ಕ, ನನ್ನ ಭುಜವನ್ನು ಇನ್ನೂ ಬಿಗಿಯಾಗಿ ಹಿಡಿದು. "ಬೇಗ ಎದ್ದು ನನ್ನ ಹಿಡ್ಕೋ. ಬರೋಕೇನೋ ಬಂದ್ಬಿಟ್ಟೆ, ವಾಪಸ್ ಹೋಗೋಕೆ ಧೈರ್ಯ ಇಲ್ಲ."